ಒಂದೇ ಹಾಳು ಓಡಿಸಿದ ಗಾಡಿ

ಬಾಯಿ ಮುಚ್ಚಿಕೊಂಡು ಗಾಡಿ ಮಾರಬೇಕೆಂದು ತೀರ್ಮಾನ ಮಾಡಿದವಳು ನಾನೇ. ನಮ್ಮ ಯಜಮಾನರ ಪಾಲು ಅದರಲ್ಲಿ ಏನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬೀದಿಯಲ್ಲಿ ಈ ಕತೆ ಹೇಳುವವರೆಲ್ಲ ಆ ಮನುಷ್ಯನನ್ನು ನಗೆಪಾಟಲು ಮಾಡಿ, ನನ್ನನ್ನು ಜಾಣೆ ಮಾಡಿ ಮುಗಿಸುತ್ತಾರೆ. ಜಾಣತನ ತೋರಿಸಲು ಹೋದದ್ದು ನಿಜ. ಅದು ನಡೆಯಲಿಲ್ಲ, ನನ್ನ ಪುಣ್ಯ.

ನಾವಿರುವುದು ಕೃಷ್ಣರಾಜನಗರದಲ್ಲಿ. ಅಡುಗೆ ಕೆಲಸ ನಮ್ಮದು. ಮದುವೆ, ಬೀಗರೂಟ, ನಾಮಕರಣ, ತಿಥಿ, ಯಾವುದಕ್ಕೆ ಕರೆದರೂ ಹೋಗಿ ಬೇಯಿಸಿ ಬಡಿಸಿ ಬರುವವರು. ಒಲೆ ನನ್ನದು, ಗಾಡಿ ಯಜಮಾನರದು. ನಾಲ್ಕು ಚಕ್ರದ ಪುಟ್ಟ ಗೂಡ್ಸ್ ಗಾಡಿ ಅದು. ಹನ್ನೊಂದು ವರ್ಷ ನಮ್ಮ ಕೊಳಗ, ಬಾಣಲೆ, ಗ್ಯಾಸ್ ಒಲೆ, ಅಕ್ಕಿ ಮೂಟೆಗಳನ್ನು ಹೊತ್ತು ಹುಣಸೂರು, ಪಿರಿಯಾಪಟ್ಟಣ, ಭೇರ್ಯ ಅಂತ ಸುತ್ತಿದೆ. ಅದರ ಹಿಂಭಾಗದಲ್ಲಿ ಪಾತ್ರೆಗಳ ನಡುವೆ ಕೂತು ನಾನು ಎಷ್ಟು ನಿದ್ದೆ ತೆಗೆದಿದ್ದೇನೋ ಲೆಕ್ಕವಿಲ್ಲ.

ಹೋದ ವರ್ಷ ಯಜಮಾನರ ಬಲಗಣ್ಣು ಮಂಜಾಯಿತು. ಪೊರೆ ಅಂದುಕೊಂಡು ಮೈಸೂರಿಗೆ ಹೋದರೆ, ಡಾಕ್ಟರು ಬೆಳಕು ಬಿಟ್ಟು ನೋಡಿ, ಒಳಗಿನ ನರವೇ ಸೋತಿದೆ, ಇರುವಷ್ಟು ದೃಷ್ಟಿ ಉಳಿಸಿಕೊಳ್ಳಿ, ಸ್ಟೀರಿಂಗ್ ಮುಟ್ಟಬೇಡಿ ಅಂದರು. ಮನೆಗೆ ಬಂದು ಯಜಮಾನರು ಅಂಗಿ ಜೇಬಿನಿಂದ ಗಾಡಿ ಕೀ ತೆಗೆದು ನನ್ನ ಕೈಗೆ ಕೊಟ್ಟರು. ಅಳುತ್ತ ಕೂರುವ ಜಾಯಮಾನ ನನ್ನದಲ್ಲ. ಇನ್ನು ಊರೂರು ಸುತ್ತಿ ಬಡಿಸಿದ್ದು ಸಾಕು, ತಿನ್ನುವವರೇ ನಮ್ಮ ಹತ್ತಿರ ಬರಲಿ ಅಂದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಖಾಲಿಯಿತ್ತು. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಊಟ ಅಂತ ನನ್ನ ತಲೆಯೊಳಗೆ ಬೋರ್ಡೇ ಬರೆದಾಗಿತ್ತು. ಗಾಡಿ ಮಾರಿದರೆ ಆ ಮಳಿಗೆಗೆ ಮುಂಗಡ. ಮಳಿಗೆಯವರು ತಿಂಗಳ ಕೊನೆಯ ತನಕ ಕಾಯುತ್ತೇನೆ ಅಂದಿದ್ದರು.

ಗಾಡಿಗೆ ಒಂದು ರೋಗವಿತ್ತು. ನಮ್ಮ ಕಡೆಯ ನಾಲೆ ಬಯಲಿನಲ್ಲಿ, ಸಮತಟ್ಟು ರಸ್ತೆಯಲ್ಲಿ, ಗಾಡಿ ಹೂವಿನ ಹಾಗೆ ಹೋಗುತ್ತಿತ್ತು. ಭಾರ ಹೇರಿಕೊಂಡು ದಿಬ್ಬ ಹತ್ತಿದರೆ ಮಾತ್ರ ಇಂಜಿನ್ ಕಾದು ಕೆಂಡವಾಗುತ್ತಿತ್ತು. ಒಮ್ಮೆ ಬೆಟ್ಟದಪುರದ ಏರಿನಲ್ಲಿ ಸೀಟಿನ ಕೆಳಗಿಂದ ಹಬೆ ಎದ್ದು, ಇನ್ನೂರು ಜನರ ಊಟ ಗಾಡಿಯಲ್ಲೇ ಕೂತಿತ್ತು. ಹೆಣ್ಣಿನ ಕಡೆಯವರು ಫೋನಿನಲ್ಲಿ ಬೈದ ಬೈಗುಳ ಈಗಲೂ ನನ್ನ ಕಿವಿಯಲ್ಲಿದೆ. ನಮ್ಮ ಗಾಡಿ ನೋಡುವ ಮೆಕ್ಯಾನಿಕ್ ಭಾಯಿ, ಅವರ ಅಪ್ಪನ ಕಾಲದಿಂದಲೂ ಗ್ಯಾರೇಜ್ ಇಟ್ಟವರು, "ಇಂಜಿನ್ ಮೇಲಿರೋ ಹೆಡ್ಡು ಬಿಚ್ಚಬೇಕು ಅಕ್ಕಾ, ಮೇಲೆ ಮೇಲೆ ನೀರು ಹುಯ್ದರೆ ಆಗಲ್ಲ" ಅಂದಿದ್ದರು. ನಾವು ಬಿಚ್ಚಿಸಲಿಲ್ಲ. ಎರಡು ಕ್ಯಾನು ನೀರಿಟ್ಟುಕೊಂಡು, ಅಲ್ಲಲ್ಲಿ ನಿಲ್ಲಿಸಿ ಆರಿಸಿಕೊಂಡು ಕಾಲ ತಳ್ಳಿದೆವು. ಆಮೇಲೆ ದಿಬ್ಬದ ಊರುಗಳ ಅಡುಗೆಯನ್ನೇ ಒಪ್ಪಿಕೊಳ್ಳುವುದನ್ನು ಬಿಟ್ಟೆವು.

"ತಕ್ಕಳೋರ್ಗೆ ಇದ್ನ ಯೋಳ್ಬೇಕು ಕಣೆ," ಅಂದರು ಯಜಮಾನರು.

"ಕೇಳಿದ್ರೆ ಹೇಳೋಣ. ಕೇಳ್ದೆ ಇದ್ರೆ ನಾವ್ಯಾಕೆ ಬಾಯಿ ಬಿಡಬೇಕು? ಬ್ರೋಕರ್ ಹತ್ತಿರ ಹೋದ್ರೆ ಅವನು ಹೇಳ್ತಾನಾ? ನಾವೇನು ಹೊಸ ಗಾಡಿ ಅಂತ ಮಾರ್ತಾ ಇದೀವಾ?"

"ಅಂಗಲ್ಲ ಕಣೆ..."

"ನೀವು ಮಾತಾಡಲ್ಲ ಅಂತ ಮಾತು ಕೊಡಿ. ವ್ಯವಹಾರ ನಾನು ನೋಡ್ಕೋತೀನಿ."

ಕೊಟ್ಟರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಆದರೆ ಸುಮ್ಮನಿರಲು ಚೆನ್ನಾಗಿ ಬರುತ್ತದೆ. ಮೂವತ್ತು ವರ್ಷ ನನ್ನ ಜೊತೆ ಬಾಳಿ ಕಲಿತ ವಿದ್ಯೆ.

ಗಾಡಿಯ ಗಾಜಿಗೆ ಕಟ್ಟಲು ಒಂದು ರಟ್ಟಿನ ಬೋರ್ಡು ಬೇಕಿತ್ತು. ನಾನು ಒಲೆ ಮುಂದೆ ಒಗ್ಗರಣೆ ಹಾಕುತ್ತ ಹೇಳಿದೆ, ಅವರು ಜಗಲಿಯಲ್ಲಿ ಕೂತು ಕೆಂಪು ಬಣ್ಣದಲ್ಲಿ ಬರೆದರು. ಮೇಲೆ ನಮ್ಮ ಊರು, ಫೋನ್ ನಂಬರು. ಗಾಡಿ ಮಾರಾಟಕ್ಕಿದೆ. ಒಂದೇ ಆಳು ಓಡಿಸಿದ ಗಾಡಿ. ಹೇಗಿದೆಯೋ ಹಾಗೆ ಕೊಡಲಾಗುವುದು. ಗ್ಯಾರಂಟಿ ಇರುವುದಿಲ್ಲ. ಕೊನೆಯ ಎರಡು ಸಾಲು ನನ್ನ ಬುದ್ಧಿವಂತಿಕೆ. ನಾಳೆ ಯಾರೂ ಬಾಗಿಲಿಗೆ ಬಂದು ಜಗಳ ತೆಗೆಯಬಾರದು, ನೋಡಿ.

ಇಲ್ಲಿ ನಮ್ಮವರ ಅಕ್ಷರದ ವಿಷಯ ಹೇಳಬೇಕು. ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಇವರು ಸ್ಕೂಲಿನಲ್ಲಿ ಬರೆಯುವಾಗಲೂ ಹಾಗೇ ಬಿಟ್ಟು, ಮೇಷ್ಟ್ರ ಕೈಲಿ ಬೆತ್ತದ ಏಟು ತಿಂದು ತಿಂದು, ಅವತ್ತಿನಿಂದ ಅನುಮಾನ ಬಂದ ಕಡೆಯೆಲ್ಲ ಒಂದು ಹಕಾರ ಸೇರಿಸಿಬಿಡುತ್ತಾರೆ. ದಿನಸಿ ಚೀಟಿಯಲ್ಲಿ 'ಹಕ್ಕಿ ಒಂದು ಮೂಟೆ' ಅಂತ ಬರೆದು ಕಳಿಸಿದ್ದಾರೆ. ಅಂಗಡಿಯವರು, ಅಕ್ಕಾ, ಹಕ್ಕಿ ಖಾಲಿಯಾಗಿದೆ, ಅಕ್ಕಿ ಕೊಡಲಾ ಅಂತ ಫೋನ್ ಮಾಡಿದ್ದರು. ಇದೆಲ್ಲ ಗೊತ್ತಿದ್ದೂ ಪಿಯುಸಿ ಓದಿದ ನಾನು ಆ ಬೋರ್ಡಿನ ಮೇಲೆ ಒಂದು ಸಲ ಕಣ್ಣಾಡಿಸಲಿಲ್ಲ.

ಮಾರನೆಯ ದಿನ ಎದುರುಮನೆ ಹುಡುಗಿ ಫೋನ್ ಹಿಡಿದುಕೊಂಡು ನಗುತ್ತ ಬಂದಳು. ಬೋರ್ಡಿನ ಫೋಟೋ ಯಾರದೋ ಸ್ಟೇಟಸ್ಸಿನಲ್ಲಿತ್ತು. 'ಒಂದೇ ಹಾಳು ಓಡಿಸಿದ ಗಾಡಿ.' ಕೆಳಗೆ ನಗುವ ಮುಖಗಳ ಸಾಲು. ಅಷ್ಟು ಹೊತ್ತಿಗೆ ಅದು ರೈತರ ಗುಂಪು, ಡ್ರೈವರುಗಳ ಗುಂಪು ಅಂತ ಎಲ್ಲೆಲ್ಲಿಗೋ ಹೋಗಿಬಿಟ್ಟಿತ್ತು.

"ರೀ! ನೀವು ಹಾಳು ಅಂತ ಊರಿಗೆಲ್ಲ ಸಾರಿದ್ದೀರಲ್ರೀ!"

ಅವರು ಚೆನ್ನಾಗಿರುವ ಕಣ್ಣನ್ನು ಕಿರಿದು ಮಾಡಿ ಬೋರ್ಡು ನೋಡಿದರು. "ಆಳು ಅಂತಾನೆ ಅಲ್ವಾ ಬರ್ದಿರದು?"

"ಹಾಳು ಅಂತ ಬರೆದಿದ್ದೀರಿ!"

"ನಾನೂ ಅದೇ ಯೋಳಿದ್ದು, ಆಳು."

ಇವರ ಹತ್ತಿರ ಏನು ಜಗಳ ಆಡುವುದು! ಬೋರ್ಡು ಬಿಚ್ಚಿ ಒಲೆಗೆ ಹಾಕಿದೆ. ಮೂರು ದಿನ ಮಾರ್ಕೆಟ್ಟಿಗೆ ಹೋದರೆ ಸಾಕು, ಯಜಮಾನರು ಹೇಗಿದ್ದಾರೆ ಅಂತ ಕೇಳುವವರೇ ಎಲ್ಲ. ಆ ಗಲಾಟೆಯಲ್ಲಿ ಭೇರ್ಯದ ಕಡೆಯವನೊಬ್ಬ ಗಾಡಿ ನೋಡಲು ಬಂದ. ಟೈರಿಗೆ ಒದ್ದ, ಬಾಗಿಲು ಬಡಿದ, ಗ್ಯಾರಂಟಿ ಐತಾ ಅಂದ. ನನಗೆ ಮೊದಲೇ ತಲೆ ಕೆಟ್ಟಿತ್ತು. ಗ್ಯಾರಂಟಿ ಬೇಕಾದರೆ ವಿಧಾನಸೌಧಕ್ಕೆ ಹೋಗಿ ಕೇಳಪ್ಪ ಅಂದುಬಿಟ್ಟೆ. ಅವನು ಮತ್ತೆ ಬರಲಿಲ್ಲ. ತಿಂಗಳು ಮುಗಿಯಲು ಹನ್ನೆರಡು ದಿನವಿತ್ತು.

ಆಗ ಅವಳು ಬಂದಳು. ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಹೆಂಗಸು, ಮೂವತ್ತೈದು ಆಗಿರಬಹುದು. ಬೆಳಗ್ಗೆ ಮನೆ ಬಿಟ್ಟು, ಮೂರು ಬಸ್ಸು ಬದಲಾಯಿಸಿ, ಮಧ್ಯಾಹ್ನಕ್ಕೆ ನಮ್ಮ ಬಾಗಿಲಿಗೆ ತಲುಪಿದ್ದಳು. ಸೆರಗಿನ ತುದಿಯಲ್ಲಿ ಬಸ್ಸಿನ ಧೂಳು ಒರೆಸಿಕೊಂಡು, ಪ್ಲಾಸ್ಟಿಕ್ ಕವರಿನಿಂದ ಮೊದಲು ಲೈಸೆನ್ಸು ತೆಗೆದು ತೋರಿಸಿದಳು. ಯಾರು ಓಡಿಸೋದು ಅಂತ ಎಲ್ಲರೂ ಕೇಳಿ ಕೇಳಿ ಅವಳಿಗೆ ಅಭ್ಯಾಸವಾಗಿತ್ತೆಂದು ಕಾಣುತ್ತದೆ. ಗಂಡ ಹೊಲ ನೋಡಿಕೊಳ್ಳುತ್ತಾನಂತೆ, ವ್ಯಾಪಾರ ಅವಳದಂತೆ. ತಮ್ಮ ಹೊಲದ ಮತ್ತು ಅಕ್ಕಪಕ್ಕದವರ ಬೀನ್ಸು, ಬಾಳೆ, ಕುಂಬಳ ಸೇರಿಸಿ ಕೇರಳದ ಮಾರ್ಕೆಟ್ಟಿಗೆ ಹಾಕುತ್ತಾಳೆ. ಆಮೇಲೆ ಫೋನ್ ತೆಗೆದು ನಮ್ಮ ಬೋರ್ಡಿನ ಫೋಟೋ ತೋರಿಸಿದಳು. ಬಂತು ಮತ್ತೆ ನಗೆಪಾಟಲು ಅಂದುಕೊಂಡೆ. ಅವಳು ನಗಲಿಲ್ಲ. ಅವಳ ಬಾಯಲ್ಲೂ ಹಾಳು ಅನ್ನುವುದು ಆಳೇ.

"ಎಲ್ರೂವೆ ಗಾಡಿ ಬೊಂಬಾಟಾಗದೆ, ಸೋರೂಮಿಂದ ಈಗ್ತಾನೆ ಇಳ್ದಂಗದೆ ಅಂತ ಆಕ್ತಾರೆ ಕಣಕ್ಕ. ಓಗಿ ನೋಡುದ್ರೆ ಏನೂ ಇರಕಿಲ್ಲ. ನಾಕ್ ಕಡೆ ಓಗ್ಬಂದಿವ್ನಿ. ಆಳು ಅಂತ ಬಾಯ್ಬುಟ್ಟು ಬರ್ದಿರೋರು ನೀವೊಬ್ರೆಯ. ಇವ್ರು ಯಾರೋ ನೆಟ್ಗಿರೋ ಜನ, ಅಲ್ಗೇ ಓಗ್ಬತ್ತೀನಿ ಅಂತ ನಮ್ಮನೆಯೋರ್ಗೆ ಯೋಳ್ಬುಟ್ಟು ಬಂದೆ. ಈಗ ಯೋಳಿ, ಏನಾಳಾಗದೆ?"

ಗಾಡಿ ಎಷ್ಟು ಓಡಿದೆ, ಇನ್ಶೂರೆನ್ಸು ಯಾವಾಗ ಮುಗಿಯುತ್ತದೆ, ಟೈರು ಯಾವಾಗ ಬದಲಾಯಿಸಿದ್ದು, ಎಲ್ಲ ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಇದಕ್ಕಿರಲಿಲ್ಲ. ಕೇಳಿದರೆ ಹೇಳೋಣ ಅಂದವಳು ನಾನೇ. ಮೂರು ಬಸ್ಸು ಹತ್ತಿ ಬಂದು ಇವಳು ಕೇಳಿಯೇಬಿಟ್ಟಳು. ಯಜಮಾನರು ನನ್ನ ಮುಖ ನೋಡಿದರು. ನನಗೆ ಮಳಿಗೆ ಕಣ್ಣಮುಂದೆ ಬಂತು. ಬಾಯಿ ತಾನಾಗಿ ನಗತೊಡಗಿತು.

"ಅಯ್ಯೋ, ಅದು ಹಾಳಲ್ಲಮ್ಮ, ಆಳು! ಒಬ್ಬರೇ ಡ್ರೈವರು ಓಡಿಸಿದ್ದು ಅಂತ. ನಮ್ಮ ಯಜಮಾನರಿಗೆ ಹಕಾರ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಗೊತ್ತಾಗಲ್ಲ" ಅಂತ ಹಕ್ಕಿ ಮೂಟೆಯ ಕತೆಯನ್ನೂ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಅಂಗಾರೆ ಗಾಡಿಗೇನೂ ಆಗಿಲ್ಲ?"

"ಏನೂ ಆಗಿಲ್ಲ."

ಹೇಳಿದೆ. ಅಕ್ಷರದ ಬಗ್ಗೆ ಅಷ್ಟು ನಿಜ ಹೇಳಿದ ಬಾಯಲ್ಲೇ ಗಾಡಿಯ ಬಗ್ಗೆ ಇಷ್ಟು ಸುಳ್ಳು. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಅವಳು ಗಾಡಿ ಹತ್ತಿ ನಾಲೆ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದಳು. ಒಳ್ಳೆ ಕೈ ಅವಳದು. ಗೇರು ಬದಲಾಯಿಸಿದ್ದು ಕೇಳಿಸಲೇ ಇಲ್ಲ. ಇಳಿದು ಬಂದು ಮುಂಗಡವನ್ನು ನನ್ನ ಕೈಗಿಟ್ಟು, ಗಾಡಿಯ ಮುಂದಿನ ಚಕ್ರ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಊಟದ ಹೊತ್ತು. ಹಾಗೇ ಕಳಿಸುವುದು ಹೇಗೆ? ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದೆ.

ಉಣ್ಣುತ್ತ ಅವಳು ಕಾಡಿನ ರಸ್ತೆಯ ಮಾತು ತೆಗೆದಳು. "ಬೆಳಗ್ಗೆ ಆರಕ್ಕೆ ಗೇಟು ತಗೀತಾರೆ ಕಣಕ್ಕ, ಸಂಜೆ ಆರಕ್ಕೆ ಮುಚ್ಬುಡ್ತಾರೆ. ನಡುವೆ ಎಲ್ಲೂ ಗಾಡಿ ನಿಲ್ಸಂಗಿಲ್ಲ, ಆನೆ ಅವೆ. ಆಕಡೀಕೆ ಓಗ್ತಾ ಒಂದು ದಿಬ್ಬ, ಅದೊಂದ್ ಅತ್ಬುಟ್ರೆ ಆಯ್ತು. ಇಷ್ಟ್ ದಿನ ಬಾಡ್ಗೆ ಗಾಡಿ. ಅವ್ನು ಬಂದ್ರೆ ಬಂದ, ಇಲ್ದಿದ್ರೆ ಇಲ್ಲ. ಓದ್ವಾರ ಬರ್ಲೇ ಇಲ್ಲ. ಕುಯ್ದಿದ್ದ ಬೀನ್ಸೆಲ್ಲ ದನಗೊಳ್ಗಾಕ್ದೆ. ಬೆಳ್ದೋರು ನನ್ನೇ ಕೇಳ್ತಾರೆ. ಇನ್ನೊಂದ್ಸಲ ಅಂಗಾದ್ರೆ ಯಾರೂ ನಂಗೆ ಮಾಲು ಕೊಡಕಿಲ್ಲ. ಈ ಗಾಡಿ ಒಂದಾದ್ರೆ ನಾನು ಗೆದ್ದೆ."

ದಿಬ್ಬ ಅನ್ನುವ ಮಾತು ಬಿದ್ದ ಕೂಡಲೇ ನಾನು ಸುಮ್ಮನೆ ಸಾರಿಗೆ ಸೌಟು ಹಾಕಿ ತಿರುವತೊಡಗಿದ್ದೆ. ಯಜಮಾನರು ಅರ್ಧ ಊಟದಲ್ಲಿ ಎದ್ದರು. ಕೈ ತೊಳೆದುಕೊಂಡು ಹಿತ್ತಲಿಗೆ ಹೋದರು. ಎರಡು ಕ್ಯಾನು ನೀರು ತುಂಬಿ, ಎರಡು ಕೈಯಲ್ಲಿ ಹಿಡಿದುಕೊಂಡು, ನಮ್ಮಿಬ್ಬರ ಮುಂದೆಯೇ ನಡೆದು ಹೋಗಿ ಗಾಡಿಯೊಳಗೆ ಇಟ್ಟರು.

"ಯಾಕಣ್ಣ, ನೀರು?"

"ಅವಳ್ನೇ ಕೇಳವ್ವ. ನಾ ಮಾತಾಡಕಿಲ್ಲ ಅಂತ ಮಾತು ಕೊಟ್ಟಿವ್ನಿ."

ಆ ಕ್ಷಣ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೈಯಲ್ಲಿದ್ದ ಸೌಟು ಎಸೆಯಬೇಕೆನ್ನಿಸಿತು. ಆಮೇಲೆ ಅವಳ ಕಡೆ ತಿರುಗಿದೆ. ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಎಲ್ಲ ಹೇಳಿಬಿಟ್ಟೆ. ಬೆಟ್ಟದಪುರದ ಏರು, ಹಬೆ, ಭಾಯಿ ಹೇಳಿದ್ದು, ನಾವು ಮಾಡಿಸದೇ ಇದ್ದದ್ದು, ಎಲ್ಲ. ಮುಂಗಡ ತಂದು ಅವಳ ತಟ್ಟೆಯ ಪಕ್ಕದಲ್ಲಿಟ್ಟೆ.

"ನಾ ಕೇಳ್ದೆ ಕಣಕ್ಕ," ಅಂದಳು. ದನಿ ಏರಿಸಲಿಲ್ಲ. "ಬಾಯ್ಬುಟ್ಟು ಕೇಳ್ದೆ. ಏನೂ ಆಗಿಲ್ಲ ಅಂದ್ರಿ. ಆ ಕಾಡ್ನಲ್ಲಿ ಗಾಡಿ ನಿಂತೋಗಿದ್ರೆ ನಾನೇನ್ ಮಾಡ್ಬೇಕಿತ್ತು?"

ತಪ್ಪಾಯಿತು ಅಂದೆ. ನನ್ನ ಜನ್ಮದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಕಡಿಮೆ. ಯಜಮಾನರೇ ತಿರುಗಿ ನೋಡಿದರು. ಅವಳು ತಟ್ಟೆಯಲ್ಲಿದ್ದದ್ದನ್ನು ಮುಗಿಸಿದಳು, ಅನ್ನ ಬಿಡುವ ಪೈಕಿಯವಳಲ್ಲ. ಕೈ ತೊಳೆದು ಜಗಲಿಯ ಮೇಲೆ ಕೂತು ಗಾಡಿಯನ್ನೇ ನೋಡತೊಡಗಿದಳು. ಈಗ ಎದ್ದು ಹೋಗುತ್ತಾಳೆ, ಈಗ ಹೋಗುತ್ತಾಳೆ ಅಂತ ನಾನು ಬಾಗಿಲ ಒಳಗೇ ನಿಂತಿದ್ದೆ.

"ನಂಗೆ ನೋಡ್ಬೇಕು," ಅಂದಳು ಕೊನೆಗೆ.

"ಏನು?"

"ಅದು ಎಂಗೆ ಕಾಯ್ತದೋ ಕಣ್ಣಾರೆ ನೋಡ್ಬೇಕು. ಇಷ್ಟು ಕಡ್ಮೇಗೆ ನಂಗೆ ಬ್ಯಾರೆ ಗಾಡಿ ಸಿಕ್ಕಕಿಲ್ಲ. ಬ್ಯಾರೇದು ಸಿಕ್ಕುದ್ರೂ ಅದ್ರ ರೋಗ ಯಾರೂ ಯೋಳಕಿಲ್ಲ. ಇದ್ರದ್ದು ಗೊತ್ತಾಯ್ತಲ್ಲ."

ಗಾಡಿ ಚೆನ್ನಾಗಿದೆ ಅಂತ ತೋರಿಸಲು ಜನ ಏನೇನೋ ಮಾಡುತ್ತಾರೆ. ಕೆಟ್ಟಿದೆ ಅಂತ ತೋರಿಸಲು ಹೊರಟವರು ನಾವೇ ಇರಬೇಕು. ಡ್ರಮ್ಮುಗಳಿಗೆ ನೀರು ತುಂಬಿ, ಅಕ್ಕಿ ಮೂಟೆ ಹೇರಿ, ಅವಳು ಹಾಕುವಷ್ಟೇ ಭಾರ ಮಾಡಿಕೊಂಡು ಬೆಟ್ಟದಪುರದ ಕಡೆ ಹೊರಟೆವು. ಅವಳು ಸ್ಟೀರಿಂಗ್ ಹಿಡಿದಳು, ಪಕ್ಕದಲ್ಲಿ ಯಜಮಾನರು, ಹಿಂದೆ ಡ್ರಮ್ಮು ಹಿಡಿದುಕೊಂಡು ನಾನು. ಏರು ಶುರುವಾಗಿ ಅರ್ಧಕ್ಕೆ ಬರುವಷ್ಟರಲ್ಲಿ, ಕರೆದಂತೆ ಬಂತು ಹಬೆ. ಅವಳು ಗಾಬರಿಯಾಗಲಿಲ್ಲ. ಪಕ್ಕಕ್ಕೆ ತೆಗೆದು ಇಂಜಿನ್ ಆರಿಸಿ, ಇಳಿದು ದೂರ ನಿಂತಳು. ರೇಡಿಯೇಟರಿನ ಮುಚ್ಚಳ ಮುಟ್ಟಬೇಡ ಅಂತ ಯಜಮಾನರು ಕೂಗುವ ಮೊದಲೇ, "ಗೊತ್ತು ಕಣಣ್ಣ" ಅಂದಳು. ನಾವು ಮೂವರೂ ಹುಣಸೆಮರದ ಕೆಳಗೆ ಕೂತು ಇಂಜಿನ್ ಆರುವುದನ್ನು ಕಾದೆವು. ಎಷ್ಟು ದೂರಕ್ಕೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ, ನೀರು ಎಷ್ಟು ಕುಡಿಯುತ್ತದೆ, ಎಷ್ಟು ಹೊತ್ತಿಗೆ ಆರುತ್ತದೆ, ಒಂದೊಂದನ್ನೇ ಕೇಳಿದಳು. ಯಜಮಾನರಿಗೆ ಮಾತಾಡಲು ನಾನು ಅಪ್ಪಣೆ ಕೊಟ್ಟಿದ್ದೆ. ಆ ಮನುಷ್ಯ ಕೀ ಕೊಟ್ಟ ದಿನದಿಂದ ಗಾಡಿಯ ಬಗ್ಗೆ ಯಾರ ಹತ್ತಿರವೂ ಮನಬಿಚ್ಚಿ ಮಾತಾಡಿರಲಿಲ್ಲ. ಅವತ್ತು ಅವಳಿಗೆ ಹನ್ನೊಂದು ವರ್ಷದ್ದೆಲ್ಲ ಹೇಳಿದರು, ಯಾವ ಬಾಗಿಲನ್ನು ಎತ್ತಿ ಮುಚ್ಚಬೇಕು, ಮಳೆಯಲ್ಲಿ ಯಾವ ವೈಪರು ನಿಲ್ಲುತ್ತದೆ, ಎಲ್ಲ.

ಅವಳ ತೀರ್ಮಾನ ಖಡಾಖಂಡಿತ. ರಿಪೇರಿ ನಾವೇ ಮಾಡಿಸಬೇಕು. ಮಾಡಿಸಿದ ಮೇಲೆ ಇದೇ ಏರಿನಲ್ಲಿ ಇಷ್ಟೇ ಭಾರ ಹೇರಿ ಹತ್ತಿಸಬೇಕು. ಹತ್ತಿದರೆ ಗಾಡಿ ಅವಳದು. ಅವಳು ತಟ್ಟೆಯ ಪಕ್ಕದಲ್ಲೇ ಬಿಟ್ಟಿದ್ದ ಮುಂಗಡವನ್ನು ಮತ್ತೆ ಕೊಡಲು ಹೋದೆ. "ಇರ್ಲಿ, ನಿಮ್ತಾವೇ ಮಡಗಿ" ಅಂದಳು. ಸುಳ್ಳು ಹೇಳಿದವಳ ಕೈಯಲ್ಲಿ ದುಡ್ಡು ಬಿಟ್ಟು ಹುಣಸೂರಿನ ಬಸ್ಸು ಹತ್ತಿದಳು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಇದರಿಂದ ನನಗೆ ಬಹಳ ನೋವಾಯಿತು.

ಭಾಯಿ ಹೆಡ್ ಬಿಚ್ಚಿದರು. ಕಾದು ಸೊಟ್ಟಗಾಗಿದ್ದ ಅದು ಮೈಸೂರಿಗೆ ಹೋಗಿ ಉಜ್ಜಿಸಿ ಮಟ್ಟ ಮಾಡಿಸಿಕೊಂಡು ಬರುವ ಹೊತ್ತಿಗೆ ತಿಂಗಳು ಮುಗಿದು, ಮಳಿಗೆ ಬೇರೆಯವರ ಪಾಲಾಯಿತು. ಎರಡು ದಿನ ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಮೂರನೆಯ ದಿನ ಯಜಮಾನರೇ ಹೋಗಿ, ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಅದರ ಅರ್ಧದಷ್ಟಿರುವ ಒಂದು ಕೋಣೆ ನೋಡಿಕೊಂಡು ಬಂದರು. ಆರು ಜನ ಕೂತರೆ ಏಳನೆಯವನು ಹೊರಗೆ ನಿಲ್ಲಬೇಕು. "ನಿಂತ್ಕಂಡು ತಿನ್ಲಿ ಬುಡು, ನಿನ್ನ ಇಡ್ಲಿ ಅಲ್ವಾ" ಅಂದರು. ನಗು ತಡೆಯಲಾಗಲಿಲ್ಲ.

ಗಾಡಿ ಕೊಡುವಾಗ ಭಾಯಿ ಕೈ ಒರೆಸಿಕೊಳ್ಳುತ್ತ, "ನನ್ನ ಕೈಲಾದ್ದು ಮಾಡಿದ್ದೀನಿ ಅಕ್ಕಾ. ಹಳೇ ಇಂಜಿನ್ನು. ಇನ್ನು ದೇವರ ದಯೆ" ಅಂದರು. ಎರಡನೆಯ ಸಲ ಅವಳು ಬಂದಳು. ಮತ್ತೆ ಡ್ರಮ್ಮು, ಮತ್ತೆ ಮೂಟೆ, ಮತ್ತೆ ಬೆಟ್ಟದಪುರ. ಹತ್ತಿತು. ತುದಿಯಲ್ಲಿ ನಿಲ್ಲಿಸಿ ಅವಳು ನೀರು ಮುಟ್ಟಲಿಲ್ಲ, ಮುಳ್ಳು ಮಾತ್ರ ನೋಡಿ ತಲೆಯಾಡಿಸಿದಳು. ಕಾಗದಗಳಿಗೆ ಸಹಿ ಬಿತ್ತು. ಯಜಮಾನರು ಸೀಟಿನ ಮೇಲಿದ್ದ ತಮ್ಮ ಹಳೆ ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಇಳಿದರು.

ಅಲ್ಲಿಗೆ ನಮ್ಮ ಕೆಲಸ ಮುಗಿಯಬೇಕಿತ್ತು. ನನಗೆ ಮುಗಿಯಲಿಲ್ಲ. ಒಂದು ಏರು ಹತ್ತಿತು ಸರಿ, ಆ ಕಾಡಿನ ದಿಬ್ಬ? ಭಾಯಿಯೇ ಮಾತು ಕೊಡದ ಇಂಜಿನ್ನಿಗೆ ನಾನು ಏನೆಂದು ಮಾತು ಕೊಡಲಿ? ನಿದ್ದೆಗಣ್ಣಲ್ಲೂ ಆ ಹಬೆ. ಕೊನೆಗೆ ಅವಳಿಗೆ ಫೋನ್ ಮಾಡಿ, ಮೊದಲ ಲೋಡಿಗೆ ನಾನೂ ಬರುತ್ತೇನೆ ಅಂದೆ.

"ನೀವ್ಯಾಕಕ್ಕ? ನೀವ್ ಕುಂತ್ರೆ ಇಂಜಿನ್ ಕಾಯಕಿಲ್ವಾ?"

"ಕಾದ್ರೆ ಬೈಯೋಕೆ ನಿನಗೆ ಒಬ್ಬರು ಬೇಕಲ್ಲವ್ವ."

ಫೋನಿನಾಚೆ ಜೋರಾಗಿ ನಕ್ಕಳು. ಬನ್ನಿ ಅಂದಳು.

ಹಿಂದಿನ ದಿನವೇ ಹೋಗಿ ಅವಳ ಮನೆಯಲ್ಲಿ ಉಳಿದು, ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದೆವು. ಹಿಂದೆ ಬೀನ್ಸಿನ ಮೂಟೆ, ಬಾಳೆಗೊನೆ, ಕುಂಬಳಕಾಯಿ. ಏಳು ಮನೆಯವರ ಬೆಳೆ ಅದು. ಅವಳ ಗಂಡ ಹಗ್ಗ ಬಿಗಿದು, ಒಂದು ಸಲ ಗಾಡಿ ತಟ್ಟಿ, ಹೋಗಿ ಬಾ ಅಂದಿದ್ದ. ಕಾಡು ತಣ್ಣಗಿತ್ತು. ನಾನು ಕಾಡು ನೋಡಲಿಲ್ಲ. ಮುಳ್ಳು ನೋಡುತ್ತ ಕೂತಿದ್ದೆ.

"ಅಕ್ಕ, ಅದ್ನೇ ದಿಟ್ಟುಸ್ಬ್ಯಾಡಿ. ದೃಷ್ಟಿಯಾದಾತು. ಆಕಡೀಕೆ ನೋಡಿ, ಜಿಂಕೆ."

ಜಿಂಕೆ ಯಾರಿಗೆ ಬೇಕು! ದಿಬ್ಬ ಶುರುವಾಗುವ ತಿರುವಿನಲ್ಲಿ ಮುಂದಿನ ಗಾಡಿಗಳು ನಿಂತುಬಿಟ್ಟವು. ಆನೆ ದಾಟುತ್ತಿದ್ದವು. ಎರಡು ದೊಡ್ಡವು, ಒಂದು ಮರಿ, ಹಿಂದೆ ಇನ್ನೊಂದು, ಯಾವುದಕ್ಕೂ ಅವಸರವಿಲ್ಲ. ಇಂಜಿನ್ ಗುರುಗುಡುತ್ತ ನಿಂತಲ್ಲೇ ನಿಂತಿತ್ತು. ಮುಳ್ಳು ನಡುಗೀಟು ದಾಟಿತು. ಇನ್ನೂ ಒಂದು ಗೆರೆ ಮೇಲೆ ಹೋಯಿತು. ಮಲೆ ಮಾದಪ್ಪ, ಇದೊಂದು ಸಲ ಕಾಪಾಡು, ನನ್ನ ನಾಲಿಗೆಗೆ ಬುದ್ಧಿ ಬಂದಿದೆ ಅಂತ ಬೇಡಿಕೊಂಡೆ. ಸ್ಟೀರಿಂಗ್ ಮೇಲಿದ್ದ ಅವಳ ಬೆರಳು ಬಿಗಿಯಾಗಿದ್ದವು. ಅವಳಿಗೂ ಭಯವಿತ್ತೆಂದು ಆಗ ಗೊತ್ತಾಯಿತು. ಅಷ್ಟು ಹೊತ್ತೂ ನನಗೋಸ್ಕರ ಜಿಂಕೆ ತೋರಿಸುತ್ತಿದ್ದಳು, ತಾಯಿ.

ಇಂಜಿನ್ ತಣಿಸುವ ಫ್ಯಾನು ತಿರುಗಿದ ಸದ್ದು ಕೇಳಿಸಿತು. ಮುಳ್ಳು ಒಂದು ಗೆರೆ ಇಳಿಯಿತು. ಆಮೇಲೆ ಇನ್ನೊಂದು. ಕೊನೆಯ ಆನೆ ಸೊಂಡಿಲು ಆಡಿಸುತ್ತ ಪೊದೆಯೊಳಗೆ ಹೋಯಿತು. ಮುಂದಿನ ಗಾಡಿ ಸರಿಯಿತು. ಅವಳು ಒಂದನೆಯ ಗೇರಿಗೆ ಹಾಕಿ ದಿಬ್ಬಕ್ಕೆ ಬಿಟ್ಟಳು. ಗಾಡಿ ನಿಧಾನವಾಗಿ ಹತ್ತಿತು. ಆಚೆ ಇಳಿಜಾರು ಕಂಡದ್ದೇ ತಡ, ಇಬ್ಬರೂ ಒಟ್ಟಿಗೆ ನಗತೊಡಗಿದೆವು. ಯಾಕೆಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮಾರ್ಕೆಟ್ಟಿನಲ್ಲಿ ಮಾಲು ಇಳಿಸುವ ಮೊದಲು ಚೀಟಿ ಬರೆಯುವವನೊಬ್ಬ ಬಂದ. ಅವಳ ಗುರುತು ಅವನಿಗಿತ್ತು. ಬಾಡಿಗೆ ಗಾಡಿಗಳಲ್ಲಿ ಬರುತ್ತಿದ್ದಳಲ್ಲ, ದಿನವೂ ಕೇಳುವ ಹಾಗೆ, ಪುಸ್ತಕದಿಂದ ತಲೆ ಎತ್ತದೆ ಮಲಯಾಳದಲ್ಲಿ ಕೇಳಿದ:

"ವಂಡಿ ಆರ್‍ಡೆಯಾ?"

ನನಗೆ ಮಲಯಾಳ ಬರುವುದಿಲ್ಲ. ಆದರೂ ಗಾಡಿ ಯಾರದು ಅಂತ ಕೇಳಿದ್ದು ತಿಳಿಯಿತು. ಅವಳು ಸೆರಗು ಸರಿಮಾಡಿಕೊಂಡು, ಒಂದು ಸಲ ಗಾಡಿಯನ್ನು ನೋಡಿದಳು.

"ಎಂಡೆಯಾ," ಅಂದಳು.

ಅವನು ತಲೆ ಎತ್ತಿದ. ಅವಳನ್ನು ನೋಡಿದ, ಗಾಡಿಯನ್ನು ನೋಡಿದ, ಒಂದು ನಗು ನಕ್ಕು ಬರೆದುಕೊಂಡ. ಅವಳು ನನ್ನ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು.

"ನಂದು ಅಂದೆ ಕಣಕ್ಕ."

"ಹೂಂ ಕಣವ್ವ, ನಿಂದೇ," ಅಂದೆ. ಹನ್ನೊಂದು ವರ್ಷ ನಮ್ಮದು ಅಂದ ಬಾಯಿಗೆ ಆ ಮಾತು ಕಷ್ಟವಾಗಲಿಲ್ಲ. ಇಬ್ಬರೂ ಸೇರಿ ಹಗ್ಗ ಬಿಚ್ಚಿದೆವು.